ಹಿಸ್ಕೆ ದೊಡ್ಡಮ್ಮನ ದೋಣಿಯಲ್ಲಿ

ಲೆಮ್ಮರ್ ಬಂದರು, ಫ್ರೀಸ್‌ಲಾಂಡ್
ಮಂಗಳವಾರ, ಮೇ ೧೪, ೧೯೪೬

ಪ್ರೀತಿಯ ಬಾರೆಂಡ್ ಅಣ್ಣಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯಲ್ಲಿ ಸುಟ್ಟ ಕೈ ಪೂರ್ತಿ ವಾಸಿಯಾಯಿತೇ? ಬೆರಳು ಮಡಚಲು ಆಗುತ್ತದೆಯೇ ಎಂದು ಕೇಳಿ ಬರೆಯಲು ಹಿಸ್ಕೆ ದೊಡ್ಡಮ್ಮ ಹೇಳಿದ್ದಾರೆ. ಆಗದಿದ್ದರೆ ದಿನಾ ಬೆಳಿಗ್ಗೆ ಕುರಿಯ ಕೊಬ್ಬು ಸವರಿ ನೀವಬೇಕಂತೆ. ಆಸ್ಟ್ರೇಲಿಯಾದಲ್ಲಿ ಕುರಿಗಳಿಗೇನು ಬರವೇ ಎಂದು ವೀಬ್ರೆನ್ ದೊಡ್ಡಪ್ಪ ನಗುತ್ತಾರೆ. ನಿಮ್ಮ ಸಿಡ್ನಿಯಲ್ಲಿ ಈಗ ಚಳಿ ಶುರುವಾಗುವ ಕಾಲವಂತಲ್ಲ, ಬೆಚ್ಚಗಿನ ಬಟ್ಟೆ ಇದೆಯೇ? ನಾನು ಚೆನ್ನಾಗಿದ್ದೇನೆ. ಹಿಂದಿನ ಹಲ್ಲೊಂದು ಹುಳುಕಾಗಿದೆ, ಅಷ್ಟೇ. ನಿನ್ನ ಫೋಟೋ ತಲುಪಿತು. ಮೀಸೆ ನೋಡಿ ಯಾರದೋ ಫೋಟೋ ತಪ್ಪಿ ಬಂದಿದೆ ಅಂದುಕೊಂಡೆ. ಆಮೇಲೆ ಕಿವಿ ನೋಡಿದೆ. ಅಪ್ಪನ ಕಿವಿಯೇ, ಗಾಳಿ ಬಂದರೆ ಹಾಯಿಯ ಹಾಗೆ ಉಬ್ಬುವಂಥದು. ನನಗೂ ಅದೇ ಬಂದಿದೆ, ಜಡೆಯಲ್ಲಿ ಮುಚ್ಚಿಕೊಂಡಿದ್ದೇನೆ.

ನೀನು ಏನನ್ನೂ ಬಚ್ಚಿಡದೆ ಮೊದಲಿಂದ ಬರೆ ಎಂದಿದ್ದೀಯ. ಈ ದೊಡ್ಡಪ್ಪ ದೊಡ್ಡಮ್ಮ ಎಲ್ಲಿಂದ ಹುಟ್ಟಿದರು ಎಂದು ಹುಬ್ಬೇರಿಸಬೇಡ, ಅಲ್ಲಿಗೇ ಬರುತ್ತೇನೆ. ನನ್ನ ಅಕ್ಷರ ಸೊಟ್ಟಗಿದ್ದರೆ ದೋಣಿ ಅಲುಗಾಡುತ್ತಿದೆ ಎಂದು ತಿಳಿದುಕೋ.

ನೀನು ಹಡಗು ಹತ್ತಿದ ವಸಂತದಲ್ಲೇ ಜರ್ಮನ್ನರು ಬಂದರಲ್ಲ, ಆಗ ನನಗೆ ಏಳು ವರ್ಷ. ಮೊದಮೊದಲು ಏನೂ ಆಗಲಿಲ್ಲ. ಅಪ್ಪ ಎಂದಿನಂತೆ ವಾಟರ್ಲೂ ಚೌಕದಲ್ಲಿ ಉಪ್ಪಿನಕಾಯಿ ಗಾಡಿ ನಿಲ್ಲಿಸಿಕೊಂಡು, "ಹುಳಿ ಸೌತೆಕಾಯಿ! ನಗೋರ ಕಣ್ಣಲ್ಲಿ ನೀರು ಬರಿಸತ್ತೆ, ಅಳೋರನ್ನ ನಗಿಸತ್ತೆ!" ಎಂದು ಕೂಗುತ್ತಿದ್ದರು. ಆಮೇಲೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಯಹೂದಿಗಳು ಉದ್ಯಾನಕ್ಕೆ ಬರಬಾರದು, ಟ್ರಾಮ್ ಹತ್ತಬಾರದು, ಬೇರೆಯವರ ಜೊತೆ ಶಾಲೆಯಲ್ಲಿ ಕೂರಬಾರದು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ತರಗತಿಯವರಿಗೆಲ್ಲ ಈಜು ಕಲಿಸುವವರಿದ್ದರು. ಈಜುಕೊಳಕ್ಕೂ ನಾವು ಬರಬಾರದು ಎಂದು ಹಲಗೆ ತೂಗುಹಾಕಿದರು. ನಾನು ಹೊಸ ಈಜುಡುಪನ್ನು ಹಾಸಿಗೆಯ ಮೇಲೆ ಹಾಕಿಕೊಂಡು ಕೈಕಾಲು ಬಡಿದೆ. ಅಮ್ಮ ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮುಂದೆ ಕೋಟಿನ ಎದೆಗೆ ಹಳದಿ ನಕ್ಷತ್ರ ಹೊಲಿಯಬೇಕು ಎಂದಾಯಿತು. ಅಪ್ಪನ ಗಾಡಿಯನ್ನೂ ಕಿತ್ತುಕೊಂಡರು. ಅಪ್ಪ ಅಂಗಳದ ಪೀಪಾಯಿಯಲ್ಲಿ ಉಪ್ಪು ನೀರು ತುಂಬಿ ಅಕ್ಕಪಕ್ಕದವರಿಗಷ್ಟೇ ಉಪ್ಪಿನಕಾಯಿ ಹಾಕತೊಡಗಿದರು. ಆದರೆ ಅಕ್ಕಪಕ್ಕದವರೂ ಕಮ್ಮಿಯಾಗುತ್ತಿದ್ದರು. ಇವತ್ತು ಮಹಡಿಯ ಮೇಲಿನವರು, ನಾಳೆ ಎದುರುಮನೆಯವರು. ಲಾರಿ ಬರುತ್ತಿತ್ತು, ಗಂಟು ಹೊತ್ತು ಇಳಿಯುತ್ತಿದ್ದರು, ಮರುದಿನ ಆ ಮನೆಯ ಕಿಟಕಿಯಲ್ಲಿ ಪರದೆ ಇರುತ್ತಿರಲಿಲ್ಲ.

ವೀಬ್ರೆನ್ ದೊಡ್ಡಪ್ಪನನ್ನು ನೀನೂ ನೋಡಿರಬೇಕು. ಅಪ್ಪನಿಗೆ ಈರುಳ್ಳಿ ತಂದು ಹಾಕುತ್ತಿದ್ದ ಫ್ರೀಸ್‌ಲಾಂಡಿನ ದೋಣಿಯವರು, ಕೆಂಪು ಗಡ್ಡ, ತುಟಿಯಲ್ಲಿ ಪೈಪು. ಅಗಲ ಹೊಟ್ಟೆಯ ಹಾಯಿದೋಣಿಯಲ್ಲಿ ಆಲೂಗಡ್ಡೆ, ಈರುಳ್ಳಿ ತುಂಬಿಕೊಂಡು ದೊಡ್ಡ ಸರೋವರ ದಾಟಿ ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಿದ್ದರು. ನಮ್ಮಂಥವರ ಮನೆಗೆ ಬೇರೆಯವರು ಕಾಲಿಡಬಾರದು ಎಂಬ ಆಜ್ಞೆ ಇದ್ದ ಕಾಲದಲ್ಲೂ ಹೆಗಲ ಮೇಲೆ ಚೀಲ ಹೊತ್ತು ಹಗಲು ಹೊತ್ತಿನಲ್ಲೇ ಬಂದರು. ಅಪ್ಪ ಸುತ್ತಿ ಬಳಸಿ ಮಾತಾಡಲಿಲ್ಲ. "ವೀಬ್ರೆನ್, ನಿನ್ನ ದೋಣೀಲಿ ಒಂದು ಹುಡುಗಿಗೆ ಜಾಗ ಇದ್ಯಾ?" ಎಂದು ಕೇಳಿದರು. ದೊಡ್ಡಪ್ಪ ಪೈಪಿಗೆ ಹುಲ್ಲಿನಂಥ ತಂಬಾಕು ತುರುಕುತ್ತಾ ನನ್ನ ಕಡೆ ನೋಡಿ, "ಕೆಲಸ ಮಾಡ್ತಾಳಾ?" ಎಂದರು. "ಇಲ್ಲ, ಬರೀ ಬಾಯಿ" ಎಂದರು ಅಪ್ಪ. "ಹಂಗಾದ್ರೆ ಸರಿಹೋಗತ್ತೆ ಬಿಡು. ನಮ್ಮ ದೋಣೀಲಿ ಮಾತಾಡೋರೇ ಇಲ್ಲ" ಎಂದು ದೊಡ್ಡಪ್ಪ ಎದ್ದು ಹೋದರು. ಒಂದು ಪ್ರಾಣದ ಮಾತುಕತೆ ಅಷ್ಟರಲ್ಲೇ ಮುಗಿದುಹೋಯಿತು, ಅಣ್ಣಾ. ಈರುಳ್ಳಿಯ ವ್ಯಾಪಾರಕ್ಕೆ ಅವರು ಇದಕ್ಕಿಂತ ಹೆಚ್ಚು ಹೊತ್ತು ಜಗಳವಾಡುತ್ತಿದ್ದರು.

ಅವರು ಮುಂದಿನ ಸಲ ಬಂದ ದಿನ ಅಮ್ಮ ನನ್ನ ಕೋಟಿನ ನಕ್ಷತ್ರವನ್ನು ಬಿಚ್ಚಿದಳು. ಬಟ್ಟೆ ಸುತ್ತಲೂ ಮಾಸಿ, ನಕ್ಷತ್ರ ಇದ್ದ ಜಾಗ ಮಾತ್ರ ಹೊಸದಾಗಿ ಉಳಿದಿತ್ತು. ಅದನ್ನು ಮುಚ್ಚಲು ತನ್ನ ಕೋಟಿನ ಜೇಬು ಕಿತ್ತು ನನ್ನ ಎದೆಗೆ ಹೊಲಿದಳು. ಕೈಗೆ ಖಾಲಿ ಈರುಳ್ಳಿ ಬುಟ್ಟಿ ಕೊಟ್ಟು, "ಎದೆಗೆ ಅವುಚ್ಕೊಂಡು ನಡಿ. ಓಡ್ಬೇಡ. ಓಡೋರನ್ನೇ ಅವರು ನೋಡೋದು" ಎಂದಳು. ತನ್ನ ಏಪ್ರನ್ನಿನ ತುದಿಯಿಂದ ನನ್ನ ಮೂಗು ಒರೆಸಿದಳು. ಮೂಗಿನಲ್ಲಿ ಏನೂ ಇರಲಿಲ್ಲ. ಅಪ್ಪ ಕಿಟಕಿಯ ಹತ್ತಿರ ನಿಂತು ಬೀದಿ ಕಾಯುತ್ತಿದ್ದರು. ಬೀದಿ ಖಾಲಿಯಾದ ಕೂಡಲೇ "ಈಗ" ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ಇನ್ನೂ ಏನಾದರೂ ಹೇಳಿದ್ದರೆ ನಿನಗೆ ಬರೆಯದೆ ಇರುತ್ತಿರಲಿಲ್ಲ.

ದೋಣಿಯ ಮೂತಿಯಲ್ಲಿ ಹಗ್ಗ, ಹಾಯಿಬಟ್ಟೆ ಇಡುವ ಗೂಡಿದೆ. ಅದರಲ್ಲಿ ಚೀಲಗಳ ಹಿಂದೆ ಕೂತು ಕಾವಲಿನ ಜಾಗ ದಾಟಿದೆ. ಮೇಲೆ ಸೈನಿಕರ ಬೂಟು ನಡೆದ ಸದ್ದು ತಲೆಯೊಳಗೇ ನಡೆದ ಹಾಗಿತ್ತು. ಸರೋವರದ ನಡುವೆ ಗೂಡಿನ ಮುಚ್ಚಳ ತೆರೆದವರು ಹಿಸ್ಕೆ ದೊಡ್ಡಮ್ಮ, ವೀಬ್ರೆನ್ ದೊಡ್ಡಪ್ಪನ ಹೆಂಡತಿ. ಎತ್ತರದ ಹೆಂಗಸು, ಕಪ್ಪು ಲಂಗ, ಕೊಡಲಿ ಹಿಡಿಯುವವರಂಥ ಕೈ. "ಇದೇನಾ? ಬೆಕ್ಕಿನ ಮರಿ ಇದ್ದಂಗಿದೆ" ಎಂದರು. ನನ್ನ ಮುಖ ನೋಡಿ, "ವಾಂತಿ ಬಂದ್ರೆ ಗಾಳಿ ಹೋಗೋ ಕಡೆ ಬಗ್ಗು, ಬರೋ ಕಡೆ ಅಲ್ಲ" ಎಂದರು. ನಾನು ಬರುವ ಕಡೆಗೇ ಬಗ್ಗಿದೆ. ನಮ್ಮಿಬ್ಬರ ಪರಿಚಯ ಆದದ್ದು ಹಾಗೆ.

ನಾನು ದೊಡ್ಡಪ್ಪನ ತಮ್ಮನ ಮಗಳು ಎಂದು ಕಥೆ ಕಟ್ಟಿದರು. ಆ ತಮ್ಮ ನಿಜವಾಗಿಯೂ ರಾಟರ್‌ಡ್ಯಾಮಿನಲ್ಲಿ ದೋಣಿ ನಡೆಸುತ್ತಿದ್ದು ಬಾಂಬ್ ದಾಳಿಯಲ್ಲಿ ಹೆಂಡತಿಯ ಸಮೇತ ತೀರಿಕೊಂಡಿದ್ದರು. ಅಲ್ಲಿಯ ಕಾಗದಪತ್ರಗಳೆಲ್ಲ ಸುಟ್ಟಿದ್ದರಿಂದ ಅವರಿಗೆ ಮಕ್ಕಳಿರಲಿಲ್ಲ ಎಂದು ಯಾರಿಂದಲೂ ಸಾಬೀತು ಮಾಡಲಾಗುತ್ತಿರಲಿಲ್ಲ. ಯೂದಿಕ್ ಹೋಗಿ ಯಿಕ್ಕೆ ಆದೆ. "ಬಾಯಿ ತಪ್ಪಿ 'ಯೂ' ಅಂದ್ರೂ ಕೆಮ್ಮಿ ತಿದ್ಕೋಬಹುದು" ಎಂದು ದೊಡ್ಡಮ್ಮನೇ ಆರಿಸಿದ ಹೆಸರು. ಮೊದಲ ದಿನ ತಟ್ಟೆಯಲ್ಲಿ ಹಂದಿ ಮಾಂಸದ ತುಂಡು ಬಿತ್ತು. ನಾನು ಮುಟ್ಟಲಿಲ್ಲ. ದೊಡ್ಡಮ್ಮ ನನ್ನನ್ನೂ ತಟ್ಟೆಯನ್ನೂ ನೋಡಿ, ಆ ತುಂಡನ್ನು ದೊಡ್ಡಪ್ಪನ ತಟ್ಟೆಗೆ ಎಸೆದರು. "ನಿನ್ನ ದೇವರಿಗೆ ಉತ್ತರ ಹೇಳೋಳು ನೀನು. ಆದ್ರೆ ಹೊರಗಿನೋರು ಕೂತಾಗ ತಿನ್ಬೇಕು. ಆವಾಗ ಉತ್ತರ ನಾನು ಹೇಳ್ತೀನಿ" ಎಂದರು. ಅದಾದ ಮೇಲೆ ನನ್ನ ಪಾಲಿನ ಆಲೂಗಡ್ಡೆಯನ್ನು ಬೇರೆ ಸಣ್ಣ ಪಾತ್ರೆಯಲ್ಲಿ ಬೇಯಿಸಿದರು, ಸೌದೆಗೆ ಅಷ್ಟು ತತ್ವಾರವಿದ್ದ ಕಾಲದಲ್ಲೂ.

ಒಂದು ವಿಷಯಕ್ಕೆ ಮಾತ್ರ ನನಗೆ ಅವರ ಮೇಲೆ ಸಿಟ್ಟಿತ್ತು. ದೋಣಿ ಚಲಿಸುವಾಗಲೆಲ್ಲ ನನ್ನ ಸೊಂಟಕ್ಕೆ ಹಗ್ಗ ಬಿಗಿದು ಹಾಯಿ ಕಟ್ಟುವ ಕೂವೆಮರಕ್ಕೆ ಕಟ್ಟುತ್ತಿದ್ದರು, ಮೇಕೆ ಕಟ್ಟುವ ಹಾಗೆ. ದೋಣಿಯವರ ಕೂಸುಗಳನ್ನು ಹಾಗೆ ಕಟ್ಟುವುದುಂಟು, ಆದರೆ ನನಗೆ ಹತ್ತು ತುಂಬಿತ್ತು. ಬೇರೆ ದೋಣಿಗಳ ಪುಟಾಣಿಗಳು ನನ್ನನ್ನು ನೋಡಿ "ಮ್ಯಾ" ಎನ್ನುತ್ತಿದ್ದವು. ದೊಡ್ಡಮ್ಮ ಜಗ್ಗಲಿಲ್ಲ. "ಈಜೋಕೆ ಬಂದ ದಿನ ಬಿಚ್ತೀನಿ" ಎಂದರು. ಜೊಂಡು ಬೆಳೆದ ಮರೆ ಜಾಗಗಳಲ್ಲಿ ದೋಣಿ ನಿಲ್ಲಿಸಿ ಈಜು ಕಲಿಸತೊಡಗಿದರು. ಉದ್ದನೆಯ ಕೋಲಿನ ತುದಿಗೆ ಪಟ್ಟಿ ಕಟ್ಟಿ, ಪಟ್ಟಿಯೊಳಗೆ ನನ್ನನ್ನು ಹಾಕಿ, ಗಾಳಕ್ಕೆ ಸಿಕ್ಕ ಮೀನಿನಂತೆ ನೀರಿಗೆ ಇಳಿಬಿಡುತ್ತಿದ್ದರು. "ಕಾಲು! ಕಾಲು! ಕಪ್ಪೆ ನೋಡಿಲ್ವಾ ನಿಮ್ಮೂರಲ್ಲಿ? ಕಪ್ಪೆ ಹಂಗೆ!" ಎಂದು ಅವರು ಕೂಗುವುದು, ನಾನು ನೀರು ಕುಡಿಯುವುದು. ಪಟ್ಟಿಯಿಲ್ಲದೆ ಒಂದು ಸಲವೂ ಈಜಿರಲಿಲ್ಲ. ಅಷ್ಟರಲ್ಲಿ ಆ ಪೊಲೀಸು ಬಂದ.

ಅದು ಸೆಪ್ಟೆಂಬರ್ ತಿಂಗಳು, ಸ್ನೇಕ್ ಪಟ್ಟಣದ ಕೆಳಗಿನ ಸೇತುವೆ, ದೋಣಿ ಬಂದರೆ ಮೇಲೆತ್ತುವಂಥದು. ಸೇತುವೆ ಕಾಯುವವನು ಎಂದಿನಂತೆ ಸುಂಕಕ್ಕಾಗಿ ಕೋಲಿಗೆ ಬಟ್ಟಲಿನಂತೆ ಕೊರೆದ ಮರದ ಚಪ್ಪಲಿ ನೇತುಹಾಕಿ ನಮ್ಮ ಕಡೆ ಚಾಚಿದ್ದ, ದೊಡ್ಡಪ್ಪ ಅದರೊಳಗೆ ಕಾಸು ಹಾಕಲು ಕೈಯೆತ್ತಿದ್ದರು. ದಡದಿಂದ ಕಪ್ಪು ಸಮವಸ್ತ್ರದವನೊಬ್ಬ ದೋಣಿಗೆ ಹಾರಿದ. ಜರ್ಮನ್ನನಲ್ಲ, ನಮ್ಮ ನಾಡಿನವನೇ, ಜರ್ಮನ್ನರ ಕೆಲಸ ಮಾಡುತ್ತಿದ್ದವನು. ದೊಡ್ಡಮ್ಮ ಆಲೂಗಡ್ಡೆ ಹೆರೆಯುತ್ತಿದ್ದರು. ನಾನು ಕೂವೆಮರದ ಬುಡದಲ್ಲಿ ಸೊಂಟದ ಹಗ್ಗದೊಂದಿಗೆ ಕೂತಿದ್ದೆ. ನನ್ನ ಮಾತಿನ ರಾಗ ಇನ್ನೂ ಆಮ್‌ಸ್ಟರ್‌ಡ್ಯಾಮಿನದಾಗಿದ್ದರಿಂದ ಹೊರಗಿನವರ ಎದುರು ಬಾಯಿ ತೆರೆಯುವಂತಿರಲಿಲ್ಲ.

"ಇದ್ಯಾರು?" ಎಂದ.

"ಮೈದುನನ ಮಗಳು. ರಾಟರ್‌ಡ್ಯಾಮಲ್ಲಿ ಬಾಂಬು ಬಿದ್ದಾಗ ಅಪ್ಪ ಅಮ್ಮ ಇಬ್ರೂ ಹೋದ್ರು" ಎಂದರು ದೊಡ್ಡಮ್ಮ, ತಲೆಯೆತ್ತದೆ.

"ಅವನೂ ದೋಣಿಯವನೇನಾ?"

"ದೋಣೀಲೇ ಹುಟ್ದ, ದೋಣೀಲೇ ಹೋದ."

ಅವನು ನನ್ನ ಹಗ್ಗವನ್ನು ಬೂಟಿನ ತುದಿಯಿಂದ ಎತ್ತಿದ. "ದೋಣೀಲಿ ಹುಟ್ಟಿದೋನ ಮಗಳನ್ನ ಇಷ್ಟುದ್ದ ಬೆಳೆದ್ಮೇಲೂ ಕಟ್ಟಿಹಾಕಿದೀರ? ನಮ್ಮ ಕಡೆ ಈ ವಯಸ್ಸಿನ ಮಕ್ಳು ಮೀನಿಗೇ ಈಜು ಹೇಳ್ಕೊಡ್ತಾರೆ."

ಅಣ್ಣಾ, ನನ್ನ ಜೀವ ಉಳಿಸಲು ಕಟ್ಟಿದ್ದ ಹಗ್ಗವೇ ನನ್ನನ್ನು ಹಿಡಿದುಕೊಡುವಂತಾಯಿತು. ದೊಡ್ಡಮ್ಮನ ಚೂರಿ ನಿಲ್ಲಲಿಲ್ಲ. "ಈಜು ಬರಲ್ಲ ಅಂತ ಯಾರು ಹೇಳಿದ್ದು? ನೀರು ಕಂಡ್ರೆ ಹಾರ್ತಾಳೆ ಅಂತ ಕಟ್ಟಿರೋದು. ಹೋದ ವಾರ ತಾನೇ ಎದೆ ಕಟ್ಕೊಂಡು ಮಲಗಿದ್ಲು. ಈ ಕಾಲದಲ್ಲಿ ಔಷಧಿ ನೀವು ತಂದ್ಕೊಡ್ತೀರಾ?" ಎಂದರು.

"ಹೌದಾ?" ಎಂದು ಅವನು ಹಲ್ಲು ಕಿರಿದ. "ಬಿಚ್ಚಿ ಹಂಗಾದ್ರೆ. ನಾನೂ ನೋಡ್ತೀನಿ."

ದೊಡ್ಡಪ್ಪ ಒಂದು ಕೈಯಲ್ಲಿ ಆ ಮರದ ಚಪ್ಪಲಿ ಹಿಡಿದು ಹಾಗೇ ನಿಂತಿದ್ದರು. ದೊಡ್ಡಮ್ಮ ಬೇಡ ಎಂದರೆ ಸುಳ್ಳು ಬಯಲಾಗುತ್ತದೆ, ಹೂಂ ಎಂದರೆ ನಾನು ಮುಳುಗುತ್ತೇನೆ. ಹಾಗಾಗಿ ಅವರು ಎರಡನ್ನೂ ಹೇಳಲಾರರು ಎಂದು ನನಗೆ ಹೊಳೆಯಿತು. ನಾನೇ ಗಂಟು ಬಿಚ್ಚಿದೆ. ಬಿಗಿದಿದ್ದರಿಂದ ಬೇಗ ಬರಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದೆ, ಅವನಿಗೆ ಅದು ಆತುರದಂತೆ ಕಂಡಿರಬೇಕು. ಲಂಗ ಎತ್ತಿ ಕಟ್ಟಿಕೊಂಡು, ಮೂಗು ಹಿಡಿದುಕೊಂಡು ಹಾರಿದೆ.

ಕೆಳಗೆ ಕತ್ತಲು, ಕೆಸರಿನ ವಾಸನೆ, ಕಿವಿಯೊಳಗೆ ಗುಂಯ್ ಎಂಬ ಸದ್ದು. ಮೇಲೆತ್ತಲು ಪಟ್ಟಿಯಿಲ್ಲ ಎಂದು ಮೈಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಕಾಲು ತಾನಾಗಿಯೇ ಕಪ್ಪೆಯಾಯಿತು. ತಲೆ ನೀರಿನಿಂದ ಹೊರಬಂತು. ಎದುರು ದಡದ ಜೊಂಡನ್ನು ನೋಡುತ್ತಾ ಒದ್ದೆ, ಒದ್ದೆ, ನೀರು ಕುಡಿದೆ, ಒದ್ದೆ. ಜೊಂಡು ಕೈಗೆ ಸಿಕ್ಕಾಗ ಅದನ್ನು ಬಿಡಲು ಮನಸ್ಸಿರಲಿಲ್ಲ. ಆದರೆ ಅಲ್ಲೇ ಉಳಿದರೆ ಅನುಮಾನ ಬರುತ್ತದೆ. ತಿರುಗಿ ಹೊರಟೆ. ಅರ್ಧ ದಾರಿಯಲ್ಲಿ, ಎಲ್ಲಿಂದ ಧೈರ್ಯ ಬಂತೋ, ದೊಡ್ಡಮ್ಮನ ರಾಗದಲ್ಲೇ ಫ್ರೀಸ್‌ಲಾಂಡಿನ ಮಾತಿನಲ್ಲಿ ಕೂಗಿದೆ: "ದೊಡ್ಡಮ್ಮಾ, ನೀರು ಬೆಚ್ಚಗಿದೆ! ನೀವೂ ಬನ್ನಿ!"

ಪೊಲೀಸು ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡಮ್ಮ ಬಗ್ಗಿ ನನ್ನ ಜಡೆ ಹಿಡಿದು ಮೇಲೆಳೆದರು. "ಹತ್ತು ಮೇಲೆ, ಹಾಳಾದೋಳೇ! ಒಣಗಿರೋ ಲಂಗ ಇನ್ನೊಂದೆಲ್ಲಿದೆ ನಿಂಗೆ? ನಿಮ್ಮಪ್ಪ ಬಿಟ್ಟು ಹೋಗಿದಾನಾ ಪೆಟ್ಟಿಗೆ ತುಂಬ?" ಎಂದು ಬೈದರು ನೋಡು, ಅಮ್ಮನೂ ಹಾಗೆ ಬೈದಿರಲಿಲ್ಲ. ಆ ಬೈಗುಳದಲ್ಲಿ ಎಲ್ಲಿಯೂ ಸುಳ್ಳು ಕೇಳಿಸಲಿಲ್ಲ. ಅವನು ಆಲೂಗಡ್ಡೆ ಬುಟ್ಟಿಯಿಂದ ಎರಡು ಜೇಬು ತುಂಬಿಕೊಂಡು ದಡಕ್ಕೆ ಹಾರಿ ಹೋದ. ಸೇತುವೆ ಎದ್ದಿತು, ನಾವು ದಾಟಿದೆವು. ಆಮೇಲೆ ನೋಡಿದೆ, ದೊಡ್ಡಮ್ಮನ ಕೈಯಲ್ಲಿದ್ದ ಆಲೂಗಡ್ಡೆ ಹೆರೆದು ಹೆರೆದು ಗೋಲಿಯಷ್ಟಾಗಿತ್ತು. ಒರಟು ಬಟ್ಟೆಯಲ್ಲಿ ನನ್ನ ಮೈ ತಿಕ್ಕಿದರು. ನಾನು ಒಣಗಿ ಎಷ್ಟೋ ಹೊತ್ತಾದ ಮೇಲೂ ತಿಕ್ಕುತ್ತಲೇ ಇದ್ದರು. "ಕಾಲು ಪರವಾಗಿಲ್ಲ. ಕೈ ಮಾತ್ರ ನಾಯಿ ಬಡಿದಂಗೆ ಬಡೀತೀಯ" ಎಂದರು. ಹಗ್ಗವನ್ನು ಸುತ್ತಿ ಗೂಡಿನೊಳಗಿಟ್ಟರು. ಮತ್ತೆ ನನ್ನನ್ನು ಕಟ್ಟಲಿಲ್ಲ.

ಅವರು ಮುದ್ದು ಮಾಡುವವರಲ್ಲ, ಅಣ್ಣಾ. ಇದನ್ನು ನೀನು ತಿಳಿದಿರಬೇಕು. ಇಲ್ಲಿ ಊಟವಾದ ಮೇಲೆ ದೊಡ್ಡಪ್ಪ ಬೈಬಲ್ ಓದುವುದು ಪದ್ಧತಿ. ನಾನು ಬಂದಾಗಿನಿಂದ ದೊಡ್ಡಮ್ಮ ಹಳೆಯ ಒಡಂಬಡಿಕೆಯನ್ನು ಮಾತ್ರ ಓದಿಸಿದರು. ಅದು ನಮ್ಮದೂ ಹೌದಲ್ಲ, "ನಿನ್ನ ಕಡೆ ಪುಸ್ತಕ" ಎನ್ನುತ್ತಿದ್ದರು. ಅದರ ಕೊನೆಯ ಭಾಗ ಮಲಾಕಿ ಮುಗಿದರೆ ಮತ್ತೆ ಮೊದಲಿನ ಆದಿಕಾಂಡ; ಯೇಸುವಿನ ಕಥೆಯಿರುವ ಹೊಸ ಒಡಂಬಡಿಕೆಗೆ ಹೋಗುತ್ತಲೇ ಇರಲಿಲ್ಲ. ಒಂದು ಡಿಸೆಂಬರಿನಲ್ಲಿ ದೊಡ್ಡಪ್ಪ, "ಅಲ್ವೇ, ಈ ವರ್ಷನೂ ಯೇಸು ಹುಟ್ಟೋದೇ ಇಲ್ವಾ?" ಎಂದು ಮೆಲ್ಲಗೆ ಕೇಳಿದರು. "ಅವನು ಕಾಯ್ತಾನೆ. ಅವನಿಗೂ ಅಮ್ಮನ ಕಡೆಯೋರು ಇದೇ ಜನಾನೇ" ಎಂದರು ದೊಡ್ಡಮ್ಮ.

ನಾನು ಬಂದ ಬೇಸಿಗೆಯಲ್ಲೇ ದೊಡ್ಡಪ್ಪ ಆಮ್‌ಸ್ಟರ್‌ಡ್ಯಾಮಿನಿಂದ ಬಂದು ನನ್ನ ಪಕ್ಕ ಕೂತು, ಮನೆಗೆ ಬೀಗಮುದ್ರೆ ಬಿದ್ದಿದೆ, ಅಪ್ಪ ಅಮ್ಮನನ್ನು ಕರೆದೊಯ್ದಿದ್ದಾರೆ ಎಂದು ಹೇಳಿದ್ದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಯುದ್ಧದ ಕೊನೆಯ ಚಳಿಗಾಲದಲ್ಲಿ ಗಂಡಸರನ್ನು ದುಡಿಮೆಗೆ ಹಿಡಿದೊಯ್ಯುತ್ತಿದ್ದರಿಂದ ದೊಡ್ಡಪ್ಪ ರೈತರೊಬ್ಬರ ಹುಲ್ಲಿನ ಮೆದೆಯಲ್ಲಿ ಅಡಗಿದ್ದರು. ಕಾಲುವೆ ಹೆಪ್ಪುಗಟ್ಟಿ ದೋಣಿ ಅದರೊಳಗೆ ಸಿಕ್ಕಿಕೊಂಡಿತ್ತು. ನಾವಿಬ್ಬರೇ. ಪಟ್ಟಣಗಳಲ್ಲಿ ತಿನ್ನಲು ಏನೂ ಇಲ್ಲದೆ ಜನ ಕೈಗಾಡಿ ತಳ್ಳಿಕೊಂಡು ಅಷ್ಟು ದೂರದಿಂದ ನಡೆದು ಬರುತ್ತಿದ್ದರು. ಬಂದವರಿಗೆಲ್ಲ ದೊಡ್ಡಮ್ಮ ತಲಾ ಒಂದು ಬೊಗಸೆ ಆಲೂಗಡ್ಡೆ ಕೊಡುತ್ತಿದ್ದರು. ನಾನು ಪ್ರತಿ ಹೆಂಗಸಿನ ಮುಖ ನೋಡುತ್ತಿದ್ದೆ, ಶಾಲಿನೊಳಗೆ ಇಣುಕಿ ಇಣುಕಿ. ಒಬ್ಬಾಕೆ ಬೈದಳು. ದೊಡ್ಡಮ್ಮ ನನಗೆ, "ನೋಡು. ನೋಡೋದ್ರಲ್ಲಿ ತಪ್ಪೇನಿಲ್ಲ" ಎಂದರು.

ಏಪ್ರಿಲಿನಲ್ಲಿ ಕೆನಡಾದ ಸೈನಿಕರು ಬಂದರು, ನಮ್ಮ ಕಡೆ ಯುದ್ಧ ಮುಗಿಯಿತು. ದೋಣಿ ಮತ್ತೆ ಹೊರಟಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಸ್ನೇಕ್‌ನ ಸೇತುವೆ ಕಾಯುವವನಿಗೆ "ನನ್ನ ಹೆಸರು ಯಿಕ್ಕೆ ಅಲ್ಲ, ಯೂದಿಕ್!" ಎಂದು ಕೂಗಿ ಹೇಳಿದ್ದು. "ಇರ್ಲಿ ಬಿಡಮ್ಮ, ಹಂಗಂತ ಸುಂಕ ಬಿಡೋಕಾಗಲ್ಲ" ಎಂದು ಅವನು ಚಪ್ಪಲಿ ಚಾಚಿದ.

ಬೇಸಿಗೆಯಲ್ಲಿ ದೊಡ್ಡಮ್ಮನೇ ನನ್ನನ್ನು ನಮ್ಮ ಮನೆಗೆ ಕರೆದುಕೊಂಡು ಹೋದರು. ಕಿಟಕಿಗೆ ಬೇರೆ ಪರದೆ. ಬಾಗಿಲು ತೆರೆದ ಹೆಂಗಸಿನ ಹಿಂದೆ ನಮ್ಮ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು. ಇದು ಈ ಹುಡುಗಿಯ ಮನೆ ಎಂದರು ದೊಡ್ಡಮ್ಮ. ಆಕೆ, "ಈಗ ನಾವಿದೀವಿ. ಬಾಡಿಗೆ ಕೊಟ್ಟೇ ಇದೀವಿ. ಅಬ್ಬಾ, ನಿಮ್ಮೋರು ಇಷ್ಟೊಂದು ಜನ ವಾಪಸ್ ಬರ್ತಾರೆ ಅಂತ ಯಾರಿಗ್ಗೊತ್ತಿತ್ತು!" ಎಂದಳು. ದೊಡ್ಡಮ್ಮ, "ಇಷ್ಟೊಂದು ಜನ ಅಲ್ಲಮ್ಮ. ಒಬ್ಳು. ಸರಿಯಾಗಿ ಎಣಿಸ್ಕೋ" ಎಂದರು. ಆಮೇಲೆ ಅವಳನ್ನು ದಾಟಿ ಅಂಗಳಕ್ಕೆ ಹೋಗಿ, ಅಪ್ಪನ ಪೀಪಾಯಿಯನ್ನು ಮಗುಚಿ, ಬೀದಿಗೆ ಉರುಳಿಸಿಕೊಂಡು ಹೊರಟರು. ಬಂದರಿನವರೆಗೂ ಉರುಳಿಸಿದರು. ಜನ ನಿಂತು ನೋಡುತ್ತಿದ್ದರು. ನಾನೂ ಒಂದು ಕೈ ಹಾಕಿದೆ.

ಅಪ್ಪ ಅಮ್ಮನ ವಿಷಯ ರೆಡ್ ಕ್ರಾಸ್‌ನವರು ನಿನಗೂ ಬರೆದಿದ್ದಾರೆ, ಗೊತ್ತು. ಆದರೂ ಮನೆಯವರ ಬಾಯಿಂದ ಒಮ್ಮೆ ಕೇಳಬೇಕು. ಅವರನ್ನು ಹತ್ತಿಸಿದ ರೈಲು ಪೋಲೆಂಡಿಗೆ ಹೋಯಿತು. ಅದರಲ್ಲಿ ಹೋದವರು ಯಾರೂ ತಿರುಗಿ ಬಂದಿಲ್ಲ. ಇಬ್ಬರೂ ಒಟ್ಟಿಗೇ ಇದ್ದರಂತೆ. ಅದನ್ನು ಕೇಳಿ ದೋಣಿಗೆ ಬಂದಾಗ ನನಗೆ ಅಳು ಬರಲಿಲ್ಲ. ದೊಡ್ಡಮ್ಮ, "ನಿಮ್ಮೋರು ಇಂಥಾ ಹೊತ್ತಲ್ಲಿ ಏನ್ ಮಾಡ್ತಾರೆ?" ಎಂದು ಕೇಳಿದರು. ಉಟ್ಟ ಬಟ್ಟೆಯನ್ನು ಎದೆಯ ಹತ್ತಿರ ಹರಿದುಕೊಳ್ಳುತ್ತಾರೆ, ಏಳು ದಿನ ನೆಲಕ್ಕೆ ಹತ್ತಿರ ಕೂರುತ್ತಾರೆ ಎಂದೆ. ಅವರು ಕತ್ತರಿ ತಂದು, ನನ್ನಲ್ಲಿದ್ದ ಒಂದೇ ಒಂದು ಒಳ್ಳೆಯ ರವಿಕೆಯನ್ನು ಕುತ್ತಿಗೆಯಿಂದ ಕತ್ತರಿಸಿ, "ಹರ್ಕೋ" ಎಂದರು. ಒದ್ದೆ ಲಂಗಕ್ಕೆ ಆ ಪಾಟಿ ಬೈದಿದ್ದ ಹೆಂಗಸು! ಬಕೆಟ್ಟೊಂದನ್ನು ಕವುಚಿ ನನ್ನನ್ನು ಕೂರಿಸಿ, ಇನ್ನೊಂದನ್ನು ಕವುಚಿ ತಾವೂ ಕೂತರು. ದೋಣಿಯ ತುಂಬ ಸರಕಿತ್ತು, ಗಾಳಿಯೂ ಚೆನ್ನಾಗಿತ್ತು. ಆ ಏಳು ದಿನ ದೊಡ್ಡಪ್ಪ ಹಾಯಿ ಏರಿಸಲಿಲ್ಲ. ಅಳು ಮೂರನೆಯ ದಿನ ಬಂತು.

ಈಗಿನ ಸುದ್ದಿ. ನೀನು ಬರೆದಂತೆ ಯಹೂದಿ ಅನಾಥ ಮಕ್ಕಳ ಸಮಿತಿಯಿಂದ ಎಲ್ಕಾನ್ ಎಂಬ ಹಿರಿಯರು ಬಂದಿದ್ದರು. ಒಳ್ಳೆಯವರು, ನನ್ನ ಜೊತೆ ಶುಕ್ರವಾರದ ಪ್ರಾರ್ಥನೆ ಹೇಳಿದರು; ಅರ್ಧ ಮರೆತುಹೋಗಿತ್ತು, ಅವರು ಎತ್ತಿಕೊಟ್ಟರು. ಬೇರೆ ಮಕ್ಕಳ ಜೊತೆ ಹಡಗಿನಲ್ಲಿ ಸಿಡ್ನಿಗೆ ಕಳಿಸಬಹುದು, ಶರತ್ಕಾಲದ ಹೊತ್ತಿಗೆ ಆಗಬಹುದು ಎಂದರು. ದೊಡ್ಡಮ್ಮ ಅವರು ಹೋದ ಕೂಡಲೇ ಪೆಟ್ಟಿಗೆ ಇಳಿಸಿ ನನ್ನ ಬಟ್ಟೆ ಜೋಡಿಸಿದರು. "ರಕ್ತ ಅಂದ್ರೆ ರಕ್ತ. ಅಣ್ಣ ಕರೆದ್ರೆ ತಂಗಿ ಹೋಗ್ಬೇಕು" ಎಂದರು. ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರೆ. ಸಿಡ್ನಿಯಲ್ಲಿ ಹಿಮ ಬೀಳುವುದಿಲ್ಲ ಎಂದರೆ, "ಹೇಳೋಕಾಗಲ್ಲ" ಎನ್ನುತ್ತಾರೆ. ನೀನು ಒಬ್ಬನೇ ಬಾಡಿಗೆ ಕೋಣೆಯಲ್ಲಿದ್ದೀಯ, ಊಟಕ್ಕೆ ಕೂತಾಗ ಎದುರಿಗೆ ಯಾರೂ ಇರುವುದಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ತುಂಬ ಸಲ ಓದಿದೆ. ನೀನು ಹೇಳಿದಂತೆ ಬರುತ್ತೇನೆ.

ಇಬ್ಬರೂ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ದೊಡ್ಡಪ್ಪ ಮೀಸೆ ಬೋಳಿಸಬೇಡ ಎಂದೂ ದೊಡ್ಡಮ್ಮ ಬೋಳಿಸು ಎಂದೂ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ನೀರಿನ ಮೇಲೂ ನೆಲದ ಮೇಲೂ ಕಾಯಲಿ.

ನಿನ್ನ ತಂಗಿ,
ಯೂದಿಕ್

ತಾ.ಕ.: ಅಂಚೆ ದೋಣಿ ಸಿಳ್ಳೆ ಹಾಕುತ್ತಿದೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಹಾಯಿಯ ಆಚೆಯಿಂದ ಕೇಳಿಸಿತು. ದೊಡ್ಡಪ್ಪ, "ಇಲ್ಲೇ ಇರ್ತೀಯಾ ಅಂತ ಒಂದ್ಸಲ ಕೇಳೋಣ ಕಣೇ" ಎಂದರು. ದೊಡ್ಡಮ್ಮ, "ಬೇಡ. ನಾವು ಕೇಳಿದ್ರೆ ಅನ್ನ ಹಾಕಿದೋರು ಅಂತ ಹೂಂ ಅಂದ್ಬಿಡ್ತಾಳೆ. ಮಗು ಹತ್ರ ಹಂಗೆ ಹೂಂ ಅನ್ನಿಸ್ಬಾರ್ದು" ಎಂದರು. ಆಮೇಲೆ ಮೂಗೇರಿಸಿದ ಸದ್ದು ಬಂತು. ಅವರು ಕೇಳುವುದಿಲ್ಲ, ಅಣ್ಣಾ. ಇಲ್ಲೇ ಇರುತ್ತೇನೆ ಎಂದು ನಾನಾಗಿ ಹೇಳಲಾರೆ, ನಿನಗೆ ನಾನೊಬ್ಬಳೇ ಅಲ್ಲವೇ. ನೀನೇ ಇಲ್ಲಿಗೆ ಬರಬಾರದೇ? ಲೆಮ್ಮರ್ ಬಂದರಿನಲ್ಲಿ ಎಂಜಿನ್ ಕೆಲಸ ಬಲ್ಲವರನ್ನು ಹುಡುಕುತ್ತಿದ್ದಾರೆ. ಈಗಲೇ ಆಗದಿದ್ದರೆ ನೀನು ಬರುವ ತನಕ ನಾನು ಇಲ್ಲಿರಲೇ? ಸಿಟ್ಟಾಗಬೇಡ. ಒಪ್ಪಿಗೆಯಿದ್ದರೆ ನನಗೆ ಬರೆಯಬೇಡ, ನೇರವಾಗಿ ದೊಡ್ಡಮ್ಮನಿಗೆ ಬರೆ, ಅಚ್ಚಿನಂಥ ದಪ್ಪ ಅಕ್ಷರದಲ್ಲಿ. ಉಪಕಾರ, ಋಣ ಎಂದೆಲ್ಲ ಶುರು ಮಾಡಬೇಡ, ಅಂಥ ಮಾತು ಕಂಡರೆ ಅವರು ಕಾಗದ ಮಡಚಿಟ್ಟುಬಿಡುತ್ತಾರೆ. ಮೊದಲ ಸಾಲಿನಲ್ಲೇ ಕೇಳಿಬಿಡು: ನನ್ನ ತಂಗಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ?